ಸುಳ್ಳು, ತಪ್ಪು, ಹುಸಿ

ರಾಜಕಾರಣಿಯೊಬ್ಬರ ಮಾತು ನಿಜವಲ್ಲ ಎಂದು ಗೊತ್ತಾದಾಗ ಕನ್ನಡದಲ್ಲಿ ಅದನ್ನು ಮೂರು ಬಗೆಯಲ್ಲಿ ಹೇಳಬಹುದು. ಅವರು ಹೇಳಿದ್ದು ತಪ್ಪು ಎನ್ನಬಹುದು. ಅವರ ಮಾತು ಹುಸಿಯಾಯಿತು ಎನ್ನಬಹುದು. ಅವರು ಸುಳ್ಳು ಹೇಳಿದರು ಎನ್ನಬಹುದು. ಮಾತಿಗೂ ವಾಸ್ತವಕ್ಕೂ ಹೊಂದಿಕೆಯಿಲ್ಲ ಎಂಬುದು ಮೂರಕ್ಕೂ ಸಮಾನ. ಆದರೆ ತಪ್ಪು ಹೇಳಿದವರಿಗೆ ನಿಜ ಗೊತ್ತಿರಲಿಲ್ಲ. ಹುಸಿಯಾದ ಮಾತನ್ನು ಆಡುವಾಗ ನಂಬಿಯೇ ಆಡಿರಬಹುದು, ಮುಂದೆ ಅದು ನಡೆಯಲಿಲ್ಲ. ಸುಳ್ಳು ಹೇಳಿದವರಿಗೆ ಮಾತ್ರ ನಿಜ ಗೊತ್ತಿತ್ತು. ಮೊದಲ ಎರಡನ್ನು ನಾವು ಕ್ಷಮಿಸುತ್ತೇವೆ. ಮೂರನೆಯದನ್ನು ಕ್ಷಮಿಸುವುದು ಕಷ್ಟ. ಈ ವ್ಯತ್ಯಾಸ ಇರುವುದು ಆಡಿದ ಮಾತಿನಲ್ಲಿ ಅಲ್ಲ, ಆಡಿದವರ ಮನಸ್ಸಿನಲ್ಲಿ.

ರಾಜಕಾರಣಿಗಳ ಹೇಳಿಕೆಗಳನ್ನು ಪರಿಶೀಲಿಸುವ ಪತ್ರಕರ್ತರ ತೊಡಕು ಇಲ್ಲೇ ಇದೆ. ಈಗ ಈ ಕೆಲಸವನ್ನು ನಾವು ಫ್ಯಾಕ್ಟ್ ಚೆಕ್ ಎಂದೇ ಕರೆಯುತ್ತೇವೆ. ಹೇಳಿಕೆ ಅವರ ಕಣ್ಣೆದುರಿಗಿದೆ, ಹುಡುಕಿದರೆ ದಾಖಲೆಯೂ ಸಿಗುತ್ತದೆ. ಮನಸ್ಸು ಮಾತ್ರ ಕಾಣುವುದಿಲ್ಲ. ಹಾಗಿರುವಾಗ ಒಬ್ಬರು ಸುಳ್ಳು ಹೇಳಿದರು ಎನ್ನುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಆ ಹಕ್ಕೇ ಇಲ್ಲವೆಂದಾದರೆ ಇಷ್ಟೆಲ್ಲ ಶ್ರಮಪಟ್ಟು ಅವರು ಸಾಧಿಸುವುದಾದರೂ ಏನು?

ಅಮೆರಿಕದ ಪಾಲಿಟಿಫ್ಯಾಕ್ಟ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಫ್ಲಾರಿಡಾದ ಪತ್ರಿಕೆಯೊಂದು 2007ರಲ್ಲಿ ಆರಂಭಿಸಿದ ಈ ಪ್ರಯತ್ನಕ್ಕೆ 2009ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಮೊದಲು ಪರಿಶೀಲನೆಗೆ ಒಗ್ಗುವ ಹೇಳಿಕೆಯನ್ನು ಆರಿಸಿಕೊಳ್ಳುತ್ತಾರೆ. 'ನಮ್ಮ ಪಕ್ಷವೇ ದೇಶಕ್ಕೆ ಒಳ್ಳೆಯದು' ಎಂಬುದು ಅಭಿಪ್ರಾಯ, ಅದರ ಗೊಡವೆಗೆ ಹೋಗುವುದಿಲ್ಲ. 'ನಮ್ಮ ಕಾಲದಲ್ಲಿ ನಿರುದ್ಯೋಗ ಅರ್ಧಕ್ಕೆ ಇಳಿಯಿತು' ಎಂದರೆ ಪರಿಶೀಲಿಸಬಹುದು. ನಂತರ ಹೇಳಿದವರನ್ನೇ ಆಧಾರ ಕೇಳುತ್ತಾರೆ. ಸಾಬೀತು ಮಾಡುವ ಹೊಣೆ ಹೇಳಿದವರದ್ದು ಎಂಬುದು ಅವರ ನಿಯಮ. ಆಮೇಲೆ ಮೂಲ ದಾಖಲೆಗಳನ್ನು ಓದುತ್ತಾರೆ, ವಿಷಯ ಬಲ್ಲವರ ಜೊತೆ ಮಾತಾಡುತ್ತಾರೆ. ಕೊನೆಗೆ ಮೂವರು ಸಂಪಾದಕರು ಚರ್ಚಿಸಿ, ಆರು ದರ್ಜೆಗಳಲ್ಲಿ ಯಾವುದು ಎಂದು ಮತ ಹಾಕಿ ತೀರ್ಮಾನಿಸುತ್ತಾರೆ. ಬಳಸಿದ ಆಕರಗಳ ಪಟ್ಟಿಯನ್ನು ಓದುಗರಿಗೂ ಕೊಡುತ್ತಾರೆ. ಹಳಗನ್ನಡ ಕೃತಿಯನ್ನು ಸಂಪಾದಿಸುವವರು ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುವ ಹಾಗೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಓದುಗ ತಾನೇ ಹೋಗಿ ನೋಡಬಹುದು.

ಇಷ್ಟು ಅಚ್ಚುಕಟ್ಟಾದ ಕ್ರಮವೂ ಒಂದು ವಾಕ್ಯದ ಮುಂದೆ ತಡವರಿಸಿತು. 'ನಿಮಗೆ ಈಗಿರುವ ಆರೋಗ್ಯ ವಿಮೆ ಇಷ್ಟವಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು' ಎಂದು ಬರಾಕ್ ಒಬಾಮ ಹೇಳುತ್ತ ಬಂದರು. 2008ರಲ್ಲಿ, ಅವರಿನ್ನೂ ಅಭ್ಯರ್ಥಿಯಾಗಿದ್ದಾಗ, ಅವರ ಯೋಜನೆಯ ವಿವರಣೆಯೆಂದು ಭಾವಿಸಿ ಪಾಲಿಟಿಫ್ಯಾಕ್ಟ್ ಈ ಮಾತಿಗೆ 'ನಿಜ' ಎಂಬ ದರ್ಜೆ ಕೊಟ್ಟಿತು. 2009ರಲ್ಲಿ ಅದು 'ಅರ್ಧ ನಿಜ' ಆಯಿತು, 2012ರಲ್ಲಿಯೂ 'ಅರ್ಧ ನಿಜ'ವೇ. 2013ರ ಕೊನೆಗೆ ಹೊಸ ಕಾನೂನಿನ ಷರತ್ತುಗಳಿಗೆ ಹೊಂದದ ಪಾಲಿಸಿಗಳು ರದ್ದಾಗತೊಡಗಿದವು. ಸುಮಾರು 40 ಲಕ್ಷ ಜನರಿಗೆ ರದ್ದತಿಯ ಪತ್ರ ಹೋಯಿತೆಂಬ ಅಂದಾಜಿತ್ತು. ಒಬಾಮ ಕ್ಷಮೆ ಕೇಳಿದರು. ಡಿಸೆಂಬರ್‌ನಲ್ಲಿ ಪಾಲಿಟಿಫ್ಯಾಕ್ಟ್ ಅದೇ ವಾಕ್ಯವನ್ನು 'ವರ್ಷದ ಸುಳ್ಳು' ಎಂದು ಸಾರಿತು.

ವಾಕ್ಯ ಬದಲಾಗಿರಲಿಲ್ಲ, ತೀರ್ಪು ಬದಲಾಯಿತು. ಫ್ಯಾಕ್ಟ್ ಚೆಕ್ಕನ್ನು ಗೇಲಿ ಮಾಡುವವರಿಗೆ ಇದು ಸಿಕ್ಕ ಅಸ್ತ್ರ. ಆದರೆ ನಮ್ಮ ಮೂರು ಪದಗಳನ್ನು ಇಟ್ಟುಕೊಂಡು ನೋಡಿದರೆ ಬೇರೆಯದೇ ಕಾಣುತ್ತದೆ. 2008ರಲ್ಲಿ ಆ ಮಾತು ಒಂದು ಭರವಸೆ. ಭರವಸೆ ಹುಸಿಯಾಗಬಹುದು, ಆಡಿದ ದಿನ ಅದನ್ನು ಸುಳ್ಳೆನ್ನಲು ಯಾರಿಗೂ ಆಧಾರವಿಲ್ಲ. ಹಾಗೆಯೇ 'ನಿಜ' ಎನ್ನಲೂ ಆಧಾರವಿರಲಿಲ್ಲ, ಆ ದರ್ಜೆ ಕೊಡಬಾರದಿತ್ತು. 2010ರ ಮಾರ್ಚ್‌ನಲ್ಲಿ ಕಾನೂನು ಬಂತು. ಅದೇ ಜೂನ್‌ನಲ್ಲಿ ಆಡಳಿತವೇ ಹೊರಡಿಸಿದ ನಿಯಮಗಳಲ್ಲಿ, ಜನ ಸ್ವಂತವಾಗಿ ಕೊಂಡ ಪಾಲಿಸಿಗಳಲ್ಲಿ ದೊಡ್ಡ ಪಾಲು ಹಳೆಯ ರೂಪದಲ್ಲಿ ಉಳಿಯುವುದಿಲ್ಲ ಎಂಬ ಅಂದಾಜು ಅಚ್ಚಾಗಿತ್ತು. ಆ ದಿನದಿಂದ ಮಾತಿನ ಸ್ವರೂಪವೇ ಬೇರೆಯಾಯಿತು. ಸ್ವಂತ ಕಚೇರಿಯ ಕಾಗದ ಒಂದು ಹೇಳುತ್ತಿರುವಾಗ ವೇದಿಕೆಯ ಮೇಲೆ ಇನ್ನೊಂದು ಹೇಳುವುದನ್ನು ಹುಸಿ ಎನ್ನಲಾಗದು.

ಬ್ರಿಟನ್ನಿನಲ್ಲಿ ನಡೆದದ್ದು ಇನ್ನೊಂದು ಬಗೆ. 2016ರ ಜನಮತಗಣನೆಯ ಹೊತ್ತಿಗೆ, ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದವರ ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಆ ಹಣವನ್ನು ನಮ್ಮ ಆರೋಗ್ಯ ಸೇವೆಗೆ ಕೊಡೋಣ ಎಂಬರ್ಥದ ಬರಹವಿತ್ತು. ಆ ಸಂಖ್ಯೆ ಗಾಳಿಯಿಂದ ಬಂದದ್ದಲ್ಲ, ಲೆಕ್ಕಪತ್ರದಲ್ಲಿ ಅದಕ್ಕೆ ಮೂಲವಿತ್ತು. ಆದರೆ ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಹಣ ಕಳಿಸುವ ಮೊದಲೇ ಕಳೆಯಲಾಗುತ್ತಿತ್ತು. ನಿಜವಾಗಿ ಹೋಗುತ್ತಿದ್ದದ್ದು ವಾರಕ್ಕೆ ಸುಮಾರು 25 ಕೋಟಿ, ಅದರಲ್ಲೂ ಒಂದು ಭಾಗ ರೈತರ ಸಹಾಯಧನ ಮುಂತಾದ ರೂಪದಲ್ಲಿ ಮರಳಿ ಬರುತ್ತಿತ್ತು. ದೇಶದ ಅಂಕಿಅಂಶ ಪ್ರಾಧಿಕಾರದ ಮುಖ್ಯಸ್ಥರು ಮತದಾನಕ್ಕೆ ಮೊದಲೇ ಈ ಸಂಖ್ಯೆ ದಾರಿ ತಪ್ಪಿಸುವಂಥದ್ದು ಎಂದು ಬಹಿರಂಗವಾಗಿ ಹೇಳಿದರು. ಆಮೇಲೂ ಪ್ರಚಾರದಲ್ಲಿ ಅದೇ ಸಂಖ್ಯೆ ಓಡಾಡಿತು. ಮೊದಲ ದಿನ ಅದು ತಪ್ಪು ಲೆಕ್ಕವೋ, ಬೇಕೆಂದೇ ಮಾಡಿದ್ದೋ ಎಂದು ಹೊರಗಿನವರು ಹೇಳಲಾರರು. ಎಚ್ಚರಿಸಿದ ಮೇಲಿನ ದಿನಗಳಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ.

ಈ ಅಂಶವನ್ನು ನೇರವಾಗಿ ಹಿಡಿದದ್ದು ವಾಷಿಂಗ್ಟನ್ ಪೋಸ್ಟ್. ಆ ಪತ್ರಿಕೆ ಡೊನಾಲ್ಡ್ ಟ್ರಂಪ್ ಅವರ ಮೊದಲ ಅವಧಿಯ 4 ವರ್ಷಗಳಲ್ಲಿ 30,573 ಹೇಳಿಕೆಗಳನ್ನು 'ಸುಳ್ಳು ಅಥವಾ ದಾರಿ ತಪ್ಪಿಸುವಂಥವು' ಎಂದು ಪಟ್ಟಿ ಮಾಡಿತು. ಹಾಗಿದ್ದೂ ಅದರ ಫ್ಯಾಕ್ಟ್ ಚೆಕ್ ವಿಭಾಗ ಗೊತ್ತಿದ್ದೂ ಹೇಳಿದ್ದು ಎಂಬರ್ಥದ 'ಲೈ' ಪದವನ್ನು ಟ್ರಂಪ್ ಮಾತಿಗೆ ಮೊದಲ ಬಾರಿ ಬಳಸಿದ್ದು 2018ರ ಆಗಸ್ಟ್‌ನಲ್ಲಿ, ಅವರ ವಕೀಲರಾಗಿದ್ದವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ಟ್ರಂಪ್ ತಿಳಿದೇ ಹಾಗೆ ಹೇಳಿದ್ದರೆಂಬುದಕ್ಕೆ ಆಧಾರ ಸಿಕ್ಕ ಮೇಲೆ. ಅದೇ ಡಿಸೆಂಬರ್‌ನಲ್ಲಿ ಪತ್ರಿಕೆ ಒಂದು ಹೊಸ ದರ್ಜೆ ತಂದಿತು: ಸುಳ್ಳೆಂದು ತೋರಿಸಿದ ಮೇಲೂ ಕನಿಷ್ಠ 20 ಸಲ ಮತ್ತೆ ಮತ್ತೆ ಹೇಳಿದ ಮಾತುಗಳಿಗೆ ಬೇರೆಯದೇ ಪಟ್ಟಿ.

ನನ್ನ ಮೊದಲ ಪ್ರಶ್ನೆಗೆ ಉತ್ತರ ಈ ಪಟ್ಟಿಯಲ್ಲಿದೆ ಎನಿಸುತ್ತದೆ. ಪತ್ರಕರ್ತರು ಯಾರ ಮನಸ್ಸಿನೊಳಗೂ ಇಣುಕಬೇಕಾಗಿಲ್ಲ. ದಾಖಲೆಯನ್ನು ಎಲ್ಲರ ಮುಂದಿಟ್ಟು ತಿಳಿಸಿದರೆ ಸಾಕು. ಅಲ್ಲಿಂದ ಮುಂದೆ 'ನನಗೆ ಗೊತ್ತಿರಲಿಲ್ಲ' ಎಂಬ ನೆಪ ಉಳಿಯುವುದಿಲ್ಲ. ತಪ್ಪಾಗಿದ್ದರೆ ಹೇಳಿದವರು ತಿದ್ದಿಕೊಳ್ಳುತ್ತಾರೆ. ತಿದ್ದಿಕೊಳ್ಳದೆ ಅದನ್ನೇ ಹೇಳಿದರೆ, ತಪ್ಪನ್ನು ಸುಳ್ಳಾಗಿಸಿದವರು ಅವರೇ.

ಇದನ್ನು ನಿರ್ಧರಿಸಲು ಇವರು ಯಾರು ಎಂಬ ಆಕ್ಷೇಪ ಸಣ್ಣದಲ್ಲ. ನೂರು ಹೇಳಿಕೆಗಳಲ್ಲಿ ಯಾವುದನ್ನು ಆರಿಸುತ್ತಾರೆ ಎಂಬುದರಲ್ಲೇ ಒಲವು ನುಸುಳಬಹುದು. ಅದಕ್ಕೆ ಮದ್ದು ಆಧಾರವನ್ನು ತೆರೆದಿಡುವುದು, ಇತರರಿಗೂ ಪರಿಶೀಲಿಸಲು ಬಿಡುವುದು. ಅಧಿಕಾರ ಈ ಕೆಲಸಕ್ಕೆ ಹೊಂದುವುದಿಲ್ಲ. ನಮ್ಮ ಕೇಂದ್ರ ಸರ್ಕಾರ 2023ರಲ್ಲಿ ಐಟಿ ನಿಯಮಗಳನ್ನು ತಿದ್ದಿ, ಸರ್ಕಾರದ ವ್ಯವಹಾರದ ಬಗೆಗಿನ ಸುದ್ದಿಯಲ್ಲಿ ಯಾವುದು ಸುಳ್ಳು ಎಂದು ತನ್ನದೇ ಘಟಕ ಗುರುತಿಸಲಿ ಎಂದಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಮಾಡಿತು. ಪರಿಶೀಲನೆಗೆ ಒಳಗಾಗಬೇಕಾದವರೇ ತೀರ್ಪುಗಾರರಾದರೆ ಅಲ್ಲಿ ಉಳಿಯುವುದು ಆಜ್ಞೆ ಮಾತ್ರ.

ಕೊನೆಗೆ ಓದುಗರ ಪಾಲು. ನಮ್ಮ ಮೆಚ್ಚಿನ ನಾಯಕರ ಮಾತು ತಪ್ಪೆಂದು ಆಧಾರಸಹಿತ ಬರಹವೊಂದು ನಮ್ಮ ಫೋನಿಗೂ ಬಂದು ತಲುಪುತ್ತದೆ. ಅದನ್ನು ಓದಿದ ಮೇಲೂ ಅದೇ ಮಾತನ್ನು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದರೆ, ನಾಯಕರಿಗೆ ಅನ್ವಯಿಸುವ ಅಳತೆಗೋಲು ನಮಗೂ ಅನ್ವಯಿಸುತ್ತದೆ. ಓದುವ ಮೊದಲು ನಾವು ಹೇಳಿದ್ದು ತಪ್ಪು. ಓದಿದ ಮೇಲೆ ಹೇಳುವುದಕ್ಕೆ ಕನ್ನಡದಲ್ಲಿ ಬೇರೆ ಪದವಿದೆ.