ಇಬ್ಬರ ಕೈಯಲ್ಲೂ ಪರರ ಸೊತ್ತು

ಬೆಂಗಳೂರಿನಲ್ಲಿ ಮನೆ ಹುಡುಕುವವರು ಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಅಡ್ವಾನ್ಸ್ ಎಷ್ಟೆಂದು ಕೇಳುತ್ತಾರೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಇಲ್ಲಿ ಬಹುಕಾಲದಿಂದ ಇದೆ. ತಿಂಗಳಿಗೆ 20,000 ರೂಪಾಯಿಯ ಮನೆಗೆ ಎರಡು ಲಕ್ಷ! ಕೆಲವರು ಅದಕ್ಕಾಗಿ ಚೀಟಿ ಎತ್ತುತ್ತಾರೆ, ಕೆಲವರು ಒಡವೆ ಅಡವಿಡುತ್ತಾರೆ. ಹೀಗೆ ಕೂಡಿಸಿದ ಹಣ ಮನೆ ಬಿಡುವ ದಿನ ಪೂರ್ತಿಯಾಗಿ ಕೈಸೇರಲಿ ಎಂದು ಬಯಸುವುದು ನ್ಯಾಯವೇ.

ಆದರೆ ಅಡ್ವಾನ್ಸ್ ಮರಳಿ ಸಿಗಲೆಂದಷ್ಟೇ ಮನೆ ನೋಡಿಕೊಳ್ಳುವವರಿಗೆ ಮನೆಯ ನೆನಪಾಗುವುದು ಖಾಲಿ ಮಾಡುವ ತಿಂಗಳಲ್ಲಿ. ಆಗ ಮೊಳೆ ಕಿತ್ತ ತೂತುಗಳಿಗೆ ಬಿಳಿ ಸಿಮೆಂಟ್ ಮೆತ್ತುತ್ತಾರೆ, ಬೂಷ್ಟು ಹಿಡಿದ ಮೂಲೆಗೆ ಬಣ್ಣ ಬಳಿಯುತ್ತಾರೆ, ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗಲೆಂದು ಬಚ್ಚಲಿಗೆ ಆಸಿಡ್ ಸುರಿಯುತ್ತಾರೆ. ಆ ಆಸಿಡ್ ಟೈಲ್ಸ್ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಆ ಸಂದಿನಿಂದ ಇಳಿದ ನೀರು ಕೆಳಗಿನ ಮನೆಯ ಸೂರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಇವರು ಬೇರೆ ಬಡಾವಣೆಯಲ್ಲಿರುತ್ತಾರೆ.

ಮನೆಗೆ ಬೇಕಿರುವುದು ದಿನದಿನದ ಗಮನ. ನಲ್ಲಿಗೆ ಕಟ್ಟಿದ ಉಪ್ಪನ್ನು ವಾರಕ್ಕೊಮ್ಮೆ ನಿಂಬೆಹೋಳಿನಿಂದ ಉಜ್ಜಿದರೆ ಸಾಕು, ಆಸಿಡ್ ಬೇಕಾಗುವುದಿಲ್ಲ. ಒಗ್ಗರಣೆಯ ಜಿಡ್ಡನ್ನು ಅಂದಂದೇ ಒರೆಸಿದರೆ ಗೋಡೆಗೆ ಇಳಿಯುವುದಿಲ್ಲ. ಗೋಡೆಯೊಳಗೆ ನೀರು ಜಿನುಗುತ್ತಿದ್ದರೆ ಕಂಡ ದಿನವೇ ಮಾಲೀಕರಿಗೆ ತಿಳಿಸಬೇಕು. ನಮ್ಮ ತಲೆಗೇ ಕಟ್ಟುತ್ತಾರೇನೋ ಎಂಬ ಅಂಜಿಕೆಯಿಂದ ಎಷ್ಟೋ ಜನ ಸುಮ್ಮನಿರುತ್ತಾರೆ. ಆ ಮೌನದಲ್ಲಿ ಸಣ್ಣ ಸೋರಿಕೆ ದೊಡ್ಡದಾಗುತ್ತದೆ. ಮುಚ್ಚಿಡದೆ ಹೇಳುವುದು ಮನೆ ನೋಡಿಕೊಳ್ಳುವುದರಲ್ಲಿ ಅರ್ಧ ಕೆಲಸ.

ಇದನ್ನು ನಮ್ಮ ಕಾನೂನು ಬಹಳ ಹಿಂದೆಯೇ ಹೇಳಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಸಾಮಾನ್ಯ ವಿವೇಕವುಳ್ಳವನು ತನ್ನದೇ ಸ್ವತ್ತನ್ನು ಹೇಗೆ ಬಳಸುತ್ತಾನೋ ಹಾಗೆ ಬಾಡಿಗೆದಾರ ಮನೆಯನ್ನು ಬಳಸಬಹುದು. ಬಿಡುವಾಗ ಅದನ್ನು ಪಡೆದಂಥ ಸ್ಥಿತಿಯಲ್ಲೇ ಒಪ್ಪಿಸಬೇಕು. ಸಹಜ ಸವಕಳಿಗೆ ಮಾತ್ರ, ಹಾಗೂ ತಡೆಯಲಾಗದ ಅನಾಹುತದಿಂದಾದ ಬದಲಾವಣೆಗೆ ಮಾತ್ರ, ಅವನು ಹೊಣೆಯಲ್ಲ. ಬಾಡಿಗೆ ಮನೆಗೂ ಹಾಲುಕ್ಕಿಸಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ಒಳಗೆ ಹೋಗುವವರು ನಾವು. ಆ ದಿನ ತೋರಿದ ಭಾವ ಕಡೆಯ ದಿನದವರೆಗೂ ಉಳಿದರೆ ಕಾನೂನಿನ ಮಾತು ತಾನಾಗಿ ನಡೆದಂತೆಯೇ.

ಸವಕಳಿ ಬೇರೆ, ಹಾಳುಮಾಡುವುದು ಬೇರೆ. ಬಿಸಿಲಿಗೆ ಬಣ್ಣ ಮಾಸುವುದು, ಬಾಗಿಲ ಕೀಲು ಸಡಿಲವಾಗುವುದು, ನಡೆದಾಡಿದ ಕಡೆ ನೆಲದ ಹೊಳಪು ತಗ್ಗುವುದು ಬದುಕಿದ ಗುರುತುಗಳು. ಅದಕ್ಕೆಂದೇ ತಿಂಗಳು ತಿಂಗಳು ಬಾಡಿಗೆ ಕೊಟ್ಟಾಗಿದೆ. ಒಡೆದ ಸಿಂಕು, ಮುರಿದ ಕಿಟಕಿ ಗಾಜು, ಕಟ್ಟಿದ ಮೋರಿ ನಮ್ಮ ಹೊಣೆ. ಈ ಗೆರೆಯನ್ನು ಇಬ್ಬರೂ ಒಪ್ಪಿಕೊಂಡರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ.

ಇಲ್ಲಿಯವರೆಗಿನ ಮಾತು ಬಾಡಿಗೆಗೆ ಇರುವವರಿಗೆ. ಅಷ್ಟೇ ಬಿಗಿಯಾದ ಮಾತು ಮಾಲೀಕರಿಗೂ ಇದೆ. ಬಾಡಿಗೆದಾರರ ಕೈಯಲ್ಲಿ ಮಾಲೀಕರ ಮನೆ ಇರುವಂತೆ, ಮಾಲೀಕರ ಕೈಯಲ್ಲಿ ಬಾಡಿಗೆದಾರರ ಹಣ ಇದೆ. ಅದು ಗಳಿಕೆಯಲ್ಲ, ಕಾಪಾಡಲೆಂದು ಕೊಟ್ಟದ್ದು. ಅದನ್ನು ಮನೆ ಸಾಲಕ್ಕೋ ಮಗಳ ಮದುವೆಗೋ ಖರ್ಚುಮಾಡಿ, ಹೊಸಬರು ಅಡ್ವಾನ್ಸ್ ತಂದ ಮೇಲೆ ಕೊಡುತ್ತೇನೆ ಎನ್ನುವುದು ವಾಡಿಕೆಯಾಗಿದೆ. ಎಷ್ಟು ವರ್ಷ ಇದ್ದರು, ಗೋಡೆ ಹೇಗಿದೆ ಎಂಬುದನ್ನು ನೋಡದೆ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಹಾಗೆಯೇ ಬೇರೂರಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಕರಾರಿನಲ್ಲಿ ಬೇರೆ ಮಾತಾಗದಿದ್ದರೆ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕರ ಪಾಲಿಗೆ. ನಲ್ಲಿ ವಾಷರ್, ಸ್ವಿಚ್ಚು, ಮೋರಿ ಸ್ವಚ್ಛತೆ ಬಾಡಿಗೆದಾರರ ಪಾಲಿಗೆ. ರಾಜ್ಯಗಳಿಗೆ ಅದು ಮಾದರಿ ಮಾತ್ರ. ಆದರೂ ನ್ಯಾಯ ಯಾವುದೆಂದು ಅಳೆಯಲು ಸಾಕು.

ನಂಬಿಕೆ ಕೆಟ್ಟಲ್ಲಿ ಎರಡೂ ಕಡೆ ಉಪಾಯ ಹುಟ್ಟುತ್ತದೆ. ದುಡ್ಡು ಬರಲಾರದೆಂದು ಹೆದರಿದ ಬಾಡಿಗೆದಾರರು ಕೊನೆಯ ಎರಡು ತಿಂಗಳ ಬಾಡಿಗೆ ನಿಲ್ಲಿಸಿ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎನ್ನುತ್ತಾರೆ. ಕರೆಂಟು ಬಿಲ್ಲು ಬಾಕಿ ಉಳಿದೀತೆಂದು ಹೆದರಿದ ಮಾಲೀಕರು ಸಿಕ್ಕಷ್ಟು ಹಿಡಿದಿಟ್ಟುಕೊಳ್ಳುತ್ತಾರೆ. ಬೀಗದ ಕೈ ಮೊದಲೋ ದುಡ್ಡು ಮೊದಲೋ ಎಂದು ಬಾಗಿಲಲ್ಲಿ ವಾದ ನಡೆಯುತ್ತದೆ. ಸಾಮಾನು ತುಂಬಿದ ಲಾರಿ ಬೀದಿಯಲ್ಲಿ ಕಾಯುತ್ತಿರುತ್ತದೆ. ಅವಸರದಲ್ಲಿರುವವರು ಸೋಲುತ್ತಾರೆ, ಅವರು ಹೆಚ್ಚಾಗಿ ಬಾಡಿಗೆದಾರರು. ಎದುರಿನವರ ಅವಸರವೇ ನಮ್ಮ ಬಲವಾದಾಗ ಅದನ್ನು ಬಳಸಿಕೊಳ್ಳದೆ ಇರುವುದೇ ಸಜ್ಜನಿಕೆ.

ಇದಕ್ಕೆ ದಾರಿ ಕಷ್ಟದ್ದೇನೂ ಅಲ್ಲ. ಮನೆ ಸೇರುವ ದಿನ ಇಬ್ಬರೂ ಜೊತೆಯಾಗಿ ಕೋಣೆ ಕೋಣೆ ನೋಡಲಿ. ಇದ್ದ ಬಿರುಕು, ಕಲೆ, ಮೀಟರಿನ ಅಂಕಿ ಬರೆದು, ಫೋಟೊ ತೆಗೆದು, ಕರಾರು ಪತ್ರಕ್ಕೆ ಸೇರಿಸಿ ಸಹಿ ಹಾಕಲಿ. ಬಿಡುವ ದಿನ ಅದೇ ಪಟ್ಟಿ ಹಿಡಿದು ಮತ್ತೊಮ್ಮೆ ನೋಡಲಿ. ಬಾಡಿಗೆಗೆ ಇರುವವರೇ, ಮುಂದೆ ಬರುವ ಸಂಸಾರ ಮರುದಿನವೇ ಒಲೆ ಹಚ್ಚುವಂತೆ ಮನೆ ಬಿಟ್ಟುಕೊಡಿ. ಮಾಲೀಕರೇ, ಮುರಿದುಕೊಂಡ ಪ್ರತಿ ರೂಪಾಯಿಗೂ ಲೆಕ್ಕ ತೋರಿಸಿ, ಉಳಿದದ್ದನ್ನು ಅಂದೇ ಕೊಡಿ. ಪರರ ಸೊತ್ತನ್ನು ಕೆಡಿಸದೆ ಹಿಂತಿರುಗಿಸುವುದು ಇಬ್ಬರ ಪಾಲಿಗೂ ಒಂದೇ ಧರ್ಮ.