ದ್ವೀಪದ ವಸತಿ ಮತ್ತು ಬಾವಿಯ ವಿಚಾರ

ಪ್ರವಾಸ ಹೊರಟ ಶ್ರಾವಕ ಕುಟುಂಬವು ವಸತಿಯನ್ನು ಆರಿಸುವಾಗ ಮೊದಲು ವಿಚಾರಿಸುವುದು ಅಡುಗೆಮನೆಯನ್ನು. ಕಂದಮೂಲವಿಲ್ಲದ ಊಟ ದೊರೆಯುವುದೇ, ಸೂರ್ಯಾಸ್ತಕ್ಕೆ ಮುನ್ನ ಬಡಿಸುವರೇ ಎಂಬ ಪ್ರಶ್ನೆಗಳು ಯೋಗ್ಯವಾದವುಗಳೇ. ಆದರೆ ಲಕ್ಷದ್ವೀಪದಂತಹ ಪುಟ್ಟ ದ್ವೀಪಗಳಲ್ಲಿ ಇಷ್ಟೇ ಸಾಲದು.

ಅಲ್ಲಿನ ಕಡಮತ್, ಅಮಿನಿ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹವಳದ ಮರಳಿನ ಆ ನೆಲದಲ್ಲಿ ನದಿಯಿಲ್ಲ. ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುಪದರವಾಗಿ ನಿಂತಿರುತ್ತದೆ. ಅತಿಯಾಗಿ ಎತ್ತಿದರೆ ಉಪ್ಪು ಮೇಲೇರಿ ಬಾವಿ ಕೆಡುತ್ತದೆ. ರಾಜಧಾನಿ ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರವನ್ನೇ ಸ್ಥಾಪಿಸಬೇಕಾಯಿತು.

ಹೀಗಿರುವಲ್ಲಿ ಅತಿಥಿಯು ಚೆಲ್ಲುವ ಕೊಡವು ದ್ವೀಪವಾಸಿಯ ಮನೆಯ ಕೊಡವೇ ಆಗಿರುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯವರಿಗೆ, ಸೂಳೆಕೆರೆಯನ್ನು ಕಂಡು ಬೆಳೆದ ಚನ್ನಗಿರಿಯವರಿಗೆ ಇದು ಬೇಗನೆ ಹೊಳೆಯದಿರಬಹುದು. ಬರವನ್ನುಂಡ ಜಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಹಣ ಕೊಟ್ಟವನಿಗೆ ನೀರಿನ ಹಕ್ಕಿಲ್ಲವೇ ಎಂದು ಕೇಳಬಹುದು. ವ್ಯಾಪಾರದ ಲೆಕ್ಕದಲ್ಲಿ ಇದೆ. ಆದರೆ ಹಣವು ಕೋಣೆಯ ಬಾಡಿಗೆಯನ್ನು ತೀರಿಸೀತು, ಕೆಟ್ಟ ಬಾವಿಯನ್ನು ಸಿಹಿ ಮಾಡದು. ನೀರಿನ ಹನಿಯಲ್ಲಿಯೂ ಜೀವವನ್ನು ಕಾಣುವ ಜಿನಧರ್ಮವು, ಪ್ರಯೋಜನವಿಲ್ಲದೆ ನೀರು ಚೆಲ್ಲುವುದನ್ನು ಅನರ್ಥದಂಡದಲ್ಲಿಯೇ ಎಣಿಸಿದೆ. ಬಳಸಲೇಬೇಕಾದ ನೀರಿಗೆ ವಿನಾಯಿತಿಯುಂಟು. ವಿಲಾಸಕ್ಕೆ ಚೆಲ್ಲುವ ನೀರಿಗೆ ಇಲ್ಲ.

ಆದುದರಿಂದ ಈಜುಕೊಳವುಳ್ಳ ವಸತಿಗಿಂತ, ಮಳೆನೀರನ್ನು ಕೂಡಿಟ್ಟು ಬಕೆಟ್ಟಿನಲ್ಲಿ ಅಳೆದು ಕೊಡುವ ಸರಳ ವಸತಿಯೇ ಶ್ರೇಯಸ್ಕರ. ಅಡುಗೆಮನೆಯನ್ನು ವಿಚಾರಿಸಿ ಬಾವಿಯನ್ನು ಮರೆತವನ ಶುದ್ಧಿಯು ಅರ್ಧವೇ ಸರಿ.