ತಿದ್ದಿಕೊಂಡವನಿಗೆ ತೆರೆದ ಬಾಗಿಲು

ತಿದ್ದಿಕೊಂಡವನೊಬ್ಬ ಮತ್ತೆ ಕಳವಿಗೆ ಇಳಿದ ಕಥೆಯನ್ನು ಓದಿದಾಗ ನಾವು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದುಬಿಡುತ್ತೇವೆ. ಒಂದು ಕಾಲದಲ್ಲಿ ಕಾನೂನೂ ಈ ಮಾತನ್ನೇ ನಂಬಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ವ್ಯಾಪಿಸಿತು. ಕಂಬಂ ಕಣಿವೆಯಲ್ಲಿ ನಮ್ಮ ನೆರೆಯವರಾದ ಪಿರಮಲೈ ಕಳ್ಳರ್ ಸಮುದಾಯವೂ ಅದರ ಪಟ್ಟಿಗೆ ಸೇರಿತು. ಕದ್ದವನೂ ಉತ್ತವನೂ ಒಂದೇ ಎಂದು ಬೆರಳಚ್ಚು, ರಾತ್ರಿಯ ಹಾಜರಿ. ಇದನ್ನು ಪ್ರತಿಭಟಿಸಿದ ಪೆರುಂಗಾಮನಲ್ಲೂರಿನಲ್ಲಿ 1920ರ ಏಪ್ರಿಲ್ 3ರಂದು ಪೊಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು.

ಅದೇ ಸರ್ಕಾರವು ಸುಧಾರಣೆಯ ಹೆಸರಿನಲ್ಲಿ ಅವರಿಗೆ ಶಾಲೆಗಳನ್ನೂ ತೆರೆಯಿತು. ಮಗನ ಕೈಗೆ ಸ್ಲೇಟು, ತಂದೆಯ ಬೆರಳಿಗೆ ಶಾಯಿ! ತಿದ್ದಿಕೊಂಡರೂ ಪಟ್ಟಿಯಿಂದ ಹೆಸರು ಅಳಿಯದಿದ್ದರೆ ಮನುಷ್ಯನು ತಿದ್ದಿಕೊಳ್ಳುವುದಾದರೂ ಏಕೆ? ಮದರಾಸಿನಲ್ಲಿ ಆ ಕಾಯ್ದೆ ರದ್ದಾದದ್ದು 1947ರಲ್ಲಿ.

ಎತ್ತು ಕಳೆದುಕೊಂಡ ರೈತನ ಭಯ ಸುಳ್ಳಲ್ಲ. ಮತ್ತೆ ಕದ್ದವನ ಹೊಣೆಯೂ ಅವನದೇ. ಆದರೆ ಕೃತ್ಯಕ್ಕೆ ಕೊಟ್ಟ ಶಿಕ್ಷೆಗೆ ಅವಧಿಯುಂಟು, ಹುಟ್ಟಿಗೆ ಕೊಟ್ಟ ಶಿಕ್ಷೆಗೆ ಅವಧಿಯಿಲ್ಲ. ಸೆರೆಯಿಂದ ಮರಳಿದವನಿಗೆ ನಾವು ದ್ರಾಕ್ಷಿತೋಟದ ಕೂಲಿಯನ್ನೂ ಬಾಡಿಗೆಯ ಮನೆಯನ್ನೂ ನಿರಾಕರಿಸಿದರೆ, ಅವನಿಗೆ ತೆರೆದಿರುವುದು ಹಳೆಯ ಸಂಗಾತಿಗಳ ಬಾಗಿಲೊಂದೇ. ಆಗ ಅವನ ತಪ್ಪಿನಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಸಹೃದಯರು ವಿಚಾರಿಸಬೇಕು.